ಅಳಿಸಿಹೋದ ಡಿಸ್ಕಿನಲ್ಲಿ ನೀರಿನ ಸರದಿ

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಮಾತು ಶುರು ಮಾಡಿದರೆ ಎದ್ದು ಒಲೆಯ ಕಡೆ ಹೋಗುವವಳು ನಾನು. ಓದಿದ್ದು ಕಾನ್ವೆಂಟಿನಲ್ಲಿ. ಕತ್ತಲಿಗೆ ಹೆದರಿದವರ ಕೈಗೆ ಅಲ್ಲಿನ ಸಿಸ್ಟರ್‌ಗಳು ಟಾರ್ಚು ಕೊಟ್ಟು, ಹೋಗಿ ನೋಡಿ ಬಾ ಎನ್ನುತ್ತಿದ್ದರು. ಹೋಗಿ ನೋಡಿದರೆ ಬೆಕ್ಕೋ, ಒಣಗಲು ಹಾಕಿದ ಲಂಗವೋ ಇರುತ್ತಿತ್ತು. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಇದರಲ್ಲಿ ದೆವ್ವವಂತೂ ಇಲ್ಲ. ಇರುವುದು ಒಂದು ಕಂಪ್ಯೂಟರು.

ತೊಂಬತ್ತರ ದಶಕದ ನಡುವಿನ ಮಾತು. ಶಿಕಾರಿಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಮ್ಮ ಯಜಮಾನರು ಒಂದು ಯುನಿಕ್ಸ್ ಕಂಪ್ಯೂಟರ್ ಇಟ್ಟುಕೊಂಡಿದ್ದರು. ಅಂಜನಾಪುರದ ಕಾಲುವೆಯ ನೀರು ಯಾರ ಗದ್ದೆಗೆ ಯಾವಾಗ ಎಂಬ ಸರದಿಯನ್ನು ರೈತರ ಪರವಾಗಿ ಅದರಲ್ಲಿ ಹಾಕಿಡುವುದು ಅವರ ಕೆಲಸಗಳಲ್ಲಿ ಒಂದು. ಹಿಂದಿನ ಬೇಸಿಗೆಯಲ್ಲಿ ಈ ಸರದಿಯ ಜಗಳಕ್ಕೇ ತೂಬಿನ ಹತ್ತಿರ ಇಬ್ಬರ ತಲೆ ಒಡೆದಿತ್ತು. ಈ ಸಲ ಊರೂರಿನವರು ಕೂತು, ಬೈದಾಡಿ, ಹಳೆಯ ಕಾಗದಗಳನ್ನೆಲ್ಲ ಹರಿದುಹಾಕಿ ಒಂದು ಸರದಿಗೆ ಒಪ್ಪಿದ್ದರು. ಹಿಂದಿನ ವಾರ ಅವರ ಎದುರಿಗೇ ಇವರು ಅದನ್ನು ಟೈಪ್ ಮಾಡಿದ್ದರು. ಅದು ಇದ್ದದ್ದು ಡಿಸ್ಕಿನಲ್ಲಿ ಮಾತ್ರ. ಈಗ ಮರುದಿನ ಬೆಳಿಗ್ಗೆಯೇ ನೀರು ಬಿಡುವುದಿತ್ತು. ಆದರೆ ಡಿಸ್ಕ್ ಎಷ್ಟು ತುಂಬಿಹೋಗಿತ್ತೆಂದರೆ, ಜಾಗ ಸಾಲದೆಂದು ಯಂತ್ರ ಒಂದು ಹಾಳೆಯನ್ನೂ ಪ್ರಿಂಟ್ ಮಾಡಲೊಲ್ಲದು.

ಆ ಮಧ್ಯಾಹ್ನ ನನ್ನ ಮೈದುನ ಮಹೇಶ ಸೊರಬದಿಂದ ಹೊಸ ಡಿಸ್ಕ್ ತಂದ. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಕಂಪ್ಯೂಟರ್ ಕ್ಲಾಸು. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ, ದಾರಿಯುದ್ದಕ್ಕೂ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ.

ಹೊಸ ಡಿಸ್ಕಿನಲ್ಲಿ ತಂದ ಕೂಡಲೇ ಬರೆಯಲಾಗುವುದಿಲ್ಲ. ಮೊದಲು ಅದರ ಮೇಲೆ ಫೈಲ್ ಸಿಸ್ಟಮ್ ಮಾಡಬೇಕು. ಬಯಲಿಗೆ ಬದು ಹಾಕಿ ಗದ್ದೆ ಮಾಡುತ್ತಾರಲ್ಲ, ಹಾಗೆ. ಬೆಳೆ ನಿಂತ ಗದ್ದೆಯ ಮೇಲೆ ಅದೇ ಕೆಲಸ ಮಾಡಿದರೆ ಬೆಳೆ ಮಣ್ಣುಪಾಲು. ಯಂತ್ರ ಕೇಳುವುದು ಇಷ್ಟೇ: ಎಷ್ಟನೆಯ ಡಿಸ್ಕ್?

ಮಹೇಶ ಊಟಕ್ಕೆ ಕೂತಾಗ ಇವರು ಹೊಸ ಡಿಸ್ಕಿಗೆ ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಪೆಟ್ಟಿಗೆಯೊಳಗೆ ಕೂರಿಸಿದರು. ಮೇಲೆ ಯಂತ್ರದ ಸ್ವಂತ ಡಿಸ್ಕ್, ಅದರ ಕೆಳಗೆ ಸರದಿಯ ಡಿಸ್ಕ್ ಇತ್ತು. "ಹೊಸದಾಗಿ ಬಂದಿದ್ದನ್ನ ಕಡೀಗೆ ಕೂರಿಸಬಾರದು" ಎಂದು ಸರದಿಯ ಡಿಸ್ಕನ್ನು ಮೂರನೆಯ ಜಾಗಕ್ಕೆ ಇಳಿಸಿ, ಹೊಸದನ್ನು ನಡುವೆ ಇಟ್ಟು, ತಂತಿಗಳನ್ನೂ ಅದೇ ಕ್ರಮದಲ್ಲಿ ಜೋಡಿಸಿ ಮುಚ್ಚಿದರು. ಮಹೇಶನಿಗೆ ಅದು ಗೊತ್ತಿಲ್ಲ. ಹೊಸದು ಮೂರನೆಯದು ಎಂದೇ ಅವನ ಲೆಕ್ಕ.

ಸಂಜೆ ಕೆಲಸ ಶುರುವಾಯಿತು. ಪುಸ್ತಕ ಇಂಗ್ಲಿಷಿನದು, ಓದುವವಳು ನಾನು, ಟೈಪ್ ಮಾಡುವವರು ಇವರು. "ಅತ್ತಿಗೆ, ನೀವು ಓದೋ ಗತ್ತಿಗೆ ಮಷಿನ್ನೇ ಎದ್ದು ನಿಂತು ಗುಡ್ ಮಾರ್ನಿಂಗ್ ಮಿಸ್ ಅನ್ನುತ್ತೆ ನೋಡಿ" ಎಂದು ಮಹೇಶ ನಗಾಡಿದ. ಆಮೇಲೆ ಅಣ್ಣನಿಗೆ, "ಮೂರನೇದು ಅಂತ ಹಾಕು" ಎಂದ. ಇವರು ಹಾಕಿದರು. ಪರದೆಯ ಮೇಲೆ ಹಸಿರು ಅಂಕಿಗಳು ಸಾಲುಸಾಲಾಗಿ ಓಡಿ ನಿಂತವು.

ಈಗ ಸರದಿಯ ಡಿಸ್ಕ್ ತೆರೆಯಬೇಕು. ಎರಡನೆಯದನ್ನು ಕೇಳಿದರೆ, ಇದರಲ್ಲಿ ಫೈಲ್ ಸಿಸ್ಟಮ್ಮೇ ಇಲ್ಲ ಎಂದಿತು ಯಂತ್ರ. ನಾನು ಅದನ್ನು ಗಟ್ಟಿಯಾಗಿ ಓದಿದೆ. ಮಹೇಶನ ನಗು ಅಲ್ಲಿಗೇ ನಿಂತಿತು.

"ಅಣ್ಣಾ, ಹೊಸದನ್ನ ಎಲ್ಲಿ ಇಟ್ಟೆ?"

"ನಡುವೆ. ಯಾಕೋ?"

ಅವನು ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡ. ಮೂರನೆಯದನ್ನು ತೆರೆದ. ಹೊಸದಾಗಿ ಮಾಡಿದ ಪ್ರತಿ ಡಿಸ್ಕಿನಲ್ಲೂ ತಾನಾಗಿ ಹುಟ್ಟುವ, ಕಂಪ್ಯೂಟರಿನವರು ಡೈರೆಕ್ಟರಿ ಎನ್ನುವ ಒಂದು ಖಾಲಿ ಕೋಣೆಯ ಹೆಸರು ಕಂಡಿತು. ಮತ್ತೇನೂ ಇಲ್ಲ. ಮೂವರೂ ನೋಡಿದೆವು. ಮತ್ತೆ ಕೇಳಿದರೂ ಅದೇ.

"ಎಲ್ಲಾ ಹೋತೇನೋ?"

"ಹೋಯ್ತು ಅಣ್ಣ."

ಇವರ ಹಣೆಯಲ್ಲಿ ಬೆವರು. ಬೆರಳ ತುದಿಯಲ್ಲಿ ಇನ್ನೂ ಕುಂಕುಮವಿತ್ತು, ಹಣೆ ಒರೆಸಿಕೊಂಡಾಗ ಅಲ್ಲೊಂದು ಕೆಂಪು ಗೆರೆ ಬಿತ್ತು. ಹೋದ ವರ್ಷ ತೂಬಿನಿಂದ ಹೊತ್ತು ತಂದ ಆ ಇಬ್ಬರು ನನಗೆ ನೆನಪಾದರು. "ನಾಳೆ ಏನಂತ ಮುಖ ತೋರಿಸ್ಲಿ? ನನ್ನ ಮಾತಿನ ಮ್ಯಾಲೆ ಕಾಗದ ಹರಿದಾರೆ" ಎಂದು ಇವರು ಅಂಗಳಕ್ಕೆ ಹೋದರು. ಮಹೇಶನೂ ಹಿಂದೆಯೇ ಹೋದ.

ಕೋಣೆಯಲ್ಲಿ ನಾನೊಬ್ಬಳೇ. ಹೊರಗೆ ಇನ್ನೂ ಬೆಳಕಿತ್ತು. ಯಂತ್ರದ ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಆ ಸದ್ದು ಒಂದು ಗಳಿಗೆ ನಿಂತು ಮತ್ತೆ ಹತ್ತಿಕೊಂಡಿತು. ವಿದ್ಯುತ್ ಹೋಗಿರಲಿಲ್ಲ, ನನ್ನ ತಲೆಯ ಮೇಲಿನ ಬಲ್ಬು ಮಿಣುಕಲೂ ಇಲ್ಲ. ಸುಮ್ಮನೆ ಕೂರಲಾರದೆ, ಡಿಸ್ಕಿನಲ್ಲಿ ಏನಿದೆ ಎಂದು ಕೇಳುವ ಎರಡಕ್ಷರದ ಆಜ್ಞೆ ಒತ್ತಿದೆ. ನೋಡಿ ನೋಡಿ ಅದೊಂದನ್ನು ಕಲಿತಿದ್ದೆ.

ಆ ಖಾಲಿ ಕೋಣೆಯ ಹೆಸರಿನ ಕೆಳಗೆ ಊರುಗಳ ಹೆಸರು ಹೊತ್ತ ಸರದಿಯ ಫೈಲುಗಳು ಒಂದೊಂದಾಗಿ ಇಳಿದವು. ಎಲ್ಲವೂ ಇದ್ದವು.

ನನ್ನ ಕೂಗಿಗೆ ಇಬ್ಬರೂ ಓಡಿ ಬಂದರು. ಮಹೇಶ ಮೊದಲು ಮಾಡಿದ್ದು ಪ್ರಿಂಟರ್ ಹಚ್ಚಿದ್ದು. ಬೆಳಿಗ್ಗೆಯಿಂದ ಒಲ್ಲೆನೆಂದಿದ್ದ ಯಂತ್ರ ಈಗ ಕರಕರ ಎಂದು ಕೊನೆಯ ಹಾಳೆಯವರೆಗೂ ಅಚ್ಚು ಹಾಕಿತು. ಇವರು ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ನೋಡಿದರು. ಒಪ್ಪಿದ ಸರದಿ ಹಾಗೆಯೇ ಇತ್ತು. ಆಮೇಲೆ ಮಹೇಶ ಏನೇನೋ ಪರೀಕ್ಷೆ ಮಾಡಿ, ಸಣ್ಣ ದನಿಯಲ್ಲಿ, "ಈ ಫೈಲ್ ಸಿಸ್ಟಮ್ ಹುಟ್ಟಿದ್ದು ಇವತ್ತು ಸಂಜೆ ಅಂತಿದೆ. ಒಳಗಿರೋ ಫೈಲು ಹುಟ್ಟಿದ್ದು ಹೋದ ವಾರ. ಇದು ಹೆಂಗೆ ಮಾರಾಯ್ರೆ?" ಎಂದ. ಯಂತ್ರ ಆರಿಸಿ ಹಚ್ಚಿದ, ಆಗಲೂ ಅದೇ. ನಡುವಿನ ಹೊಸ ಡಿಸ್ಕ್ ಮಾತ್ರ ಬಯಲಾಗಿಯೇ ಇತ್ತು.

ಶಿವಮೊಗ್ಗದ ಕಂಪ್ಯೂಟರ್ ಬಲ್ಲವರು ಕೇಳಿ ನಕ್ಕರು. ನೀವು ಅಳಿಸಿಯೇ ಇಲ್ಲ, ಕಣ್ಣಿನ ಭ್ರಮೆ ಎಂದರು. ಮೂರು ಜನಕ್ಕೂ ಒಟ್ಟಿಗೇ? ಮಹೇಶ ಈಗಲೂ ಬಂದಾಗಲೊಮ್ಮೆ ಕೇಳುತ್ತಾನೆ, "ಅತ್ತಿಗೆ, ನಿಜ ಹೇಳಿ, ಏನು ಒತ್ತಿದ್ರಿ?" ಎರಡೇ ಅಕ್ಷರ ಎಂದರೆ ನಂಬುವುದಿಲ್ಲ. ಇವರು ಆ ಮಾತೇ ಎತ್ತುವುದಿಲ್ಲ.

ಆ ಸಲ ತೂಬಿನ ಹತ್ತಿರ ಒಂದು ಕೈಯೂ ಮೇಲೇಳಲಿಲ್ಲ. ಕಾಲುವೆಯ ಕೊನೆಯಲ್ಲಿ ಗದ್ದೆಯಿದ್ದ ಒಬ್ಬರು ಕೆಸರುಗಾಲಲ್ಲೇ ಬಂದು ಜಗುಲಿಯ ಕೆಳಗೆ ನಿಂತು, "ಅಮ್ಮಾರೆ, ಕಡೇ ಗದ್ದೀಗೂ ನೀರು ಬಂತ್ರಿ. ಉಪಕಾರ ಆತು ಅಂತ ಹೇಳ್ರಿ" ಎಂದರು. ಹೂಂ ಎಂದೆ. ಆ ಉಪಕಾರವನ್ನು ನಾನು ಯಾರಿಗೆ ಹೇಳಬೇಕಿತ್ತೋ, ಇಂದಿಗೂ ತಿಳಿದಿಲ್ಲ.