ಹಾರಕ್ಕೊಂದು ಫೋಟೋ ಬೇಕಂತೆ

"ನಾನು ಸತ್ಮೇಲೆ ಹಾರ ಹಾಕಕ್ಕೆ ಒಂದು ಒಳ್ಳೆ ಫೋಟೋ ಹುಡುಕಿ ಮಡಗು ಕಣ್ಲಾ" ಅಂದಳು ಅಜ್ಜಿ.

ನನ್ನ ಬಾಯಲ್ಲಿ ಇಡ್ಲಿ ಇತ್ತು. ಅದು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ಆಗಿದ್ದಿಷ್ಟು. ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲೇ ಇದ್ದ ಅಜ್ಜಿಯ ಗೆಳತಿ ತೀರಿಕೊಂಡರು. ಗಡಿಬಿಡಿಯಲ್ಲಿ ಮನೆಯವರಿಗೆ ಫೋಟೋ ಸಿಗಲಿಲ್ಲ. ಆಧಾರ್ ಕಾರ್ಡಿನದ್ದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದರು. (ಆಧಾರ್ ಫೋಟೋದಲ್ಲಿ ನಾವೆಲ್ಲ ಹೇಗಿರುತ್ತೇವೆ ಅಂತ ಹೇಳಬೇಕಾ? ನಾನಂತೂ ಕೋಳಿ ಕದ್ದು ಸಿಕ್ಕಿಬಿದ್ದವನ ಹಾಗಿದ್ದೇನೆ.) ತಿಥಿಗೆ ಹೋಗಿದ್ದ ಅಜ್ಜಿ ಅದನ್ನು ನೋಡಿ ಬಂದು ಸೀದಾ ನನ್ನ ತಟ್ಟೆ ಮುಂದೆ ಕೂತಿದ್ದಳು.

"ಜನ ಬಂದು ಕೈ ಮುಗಿಯೋವಾಗ ನಾನು ಹಂಗ್ ಕಾಣ್ಬಾರ್ದು. ನೀನೇ ತಾನೆ ನನ್ನ ಊರೂರು ಸುತ್ತಿಸಿ ಫೋಟೋ ಹೊಡ್ದವ್ನು?"

ನನಗೆ ಭಯ ಶುರುವಾಯಿತು. ಫೋಟೋ ರೆಡಿ ಮಾಡಿಟ್ಟರೆ ಯಮನಿಗೆ ಇನ್ವಿಟೇಷನ್ ಕಳಿಸಿದ ಹಾಗಲ್ಲವಾ? ನಾನು ಡಿಗ್ರಿ ಮುಗಿಸಿದವನು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೆ ಗೋಡೆಯಲ್ಲಿ ತಾತನ ಫೋಟೋ ಪಕ್ಕ ಒಂದು ಖಾಲಿ ಮೊಳೆ ಕಂಡಿತು ನೋಡಿ, ತಕ್ಷಣ ಅದಕ್ಕೆ ಕ್ಯಾಲೆಂಡರ್ ನೇತುಹಾಕಿಬಿಟ್ಟೆ.

ಆಮೇಲೆ ಹಳೇ ಫೋನನ್ನು ಚಾರ್ಜಿಗೆ ಹಾಕಿದೆ.

ಮೊದಲನೆಯದು ಗುಬ್ಬಿ ಸಂತೆ. ನಾನಿನ್ನೂ ಕಾಲೇಜಿನಲ್ಲಿದ್ದೆ. ಅಜ್ಜಿ ಮೆಣಸಿನಕಾಯಿ ರಾಶಿ ಮುಂದೆ ಇದ್ದಾಳೆ. ಅಂದರೆ, ಇರಬೇಕು. ಅರ್ಧ ಫೋಟೋ ನನ್ನ ಹೆಬ್ಬೆರಳು. ಉಳಿದರ್ಧದಲ್ಲಿ ನೇರಳೆ ಬಣ್ಣದ ಗೀಟೊಂದು ಓಡುತ್ತಿದೆ. ಅದು ಅಜ್ಜಿಯ ಸೀರೆ. "ಒಂದ್ನಿಮಿಷ ನಿಂತ್ಕೋ ಅಜ್ಜಿ" ಅಂದಿದ್ದೆ. "ಅಲ್ಲಿ ರೇಟ್ ಏರ್ತೈತಂತೆ, ನಿನ್ ಫೋಟೋ ಆಮೇಲೆ ಇಟ್ಕೋ" ಅಂತ ಓಡಿಬಿಟ್ಟಿದ್ದಳು.

ಎರಡನೆಯದು ನಿಟ್ಟೂರು ಸ್ಟೇಷನ್. ರೈಲು ಚೆನ್ನಾಗಿ ಬಂದಿದೆ. ಅಜ್ಜಿಗೆ ತಲೆ ಇಲ್ಲ, ಮಿಕ್ಕಿದ್ದೆಲ್ಲ ಮಸುಕು. ಅವಳ ತಂಗಿ ಕೊಟ್ಟು ಕಳಿಸಿದ ಹಲಸಿನ ಹಣ್ಣು ಮಾತ್ರ ಫುಲ್ ಫೋಕಸ್‌ನಲ್ಲಿದೆ. ಆವತ್ತು ನಾನು ಹಣ್ಣು ಹೊತ್ತುಕೊಂಡು ಉಲ್ಟಾ ಕಡೆ ಹೋಗೋ ರೈಲು ಹತ್ತಿದ್ದೆ. ಅಜ್ಜಿ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡಿ ಬಂದು ಕಾಲರ್ ಹಿಡಿದು ಇಳಿಸಿದ್ದಳು. "ಹಣ್ಣಿಗಿರೋ ಬುದ್ಧಿ ನಿನಗಿಲ್ವಲ್ಲೋ."

ನಗುತ್ತಾ ಮುಂದೆ ಹೋದೆ. ವರ್ಷ ಕಳೆದ ಹಾಗೆ ಫೋಟೋಗಳು ಒಂದಕ್ಕಿಂತ ಒಂದು ಕ್ಲಿಯರ್ ಆಗುತ್ತಾ ಬಂದವು. ಪರವಾಗಿಲ್ವೇ, ಇಂಪ್ರೂವ್ ಆಗಿದ್ದೀನಿ ಅಂತ ಬೆನ್ನು ತಟ್ಟಿಕೊಂಡೆ.

ಕೊನೆಯದು ಕುಣಿಗಲ್ ಕೆರೆ ಏರಿ ಮೇಲಿನ ಸೆಲ್ಫಿ. ಹೋದ ದೀಪಾವಳಿ ಆದ ಮೇಲಿನದು. ಅಜ್ಜಿಯ ಮುಖದ ಒಂದೊಂದು ಗೆರೆಯೂ ಕಾಣುತ್ತಿದೆ. ನಗು ಕೂಡ. ಅವಳ ಕೈ ನನ್ನ ಹೆಗಲ ಮೇಲಿದೆ. ಹೆಗಲ ಮೇಲೆ ಅಂದೆನಾ? ಸರಿಯಾಗಿ ನೋಡಿದರೆ, ನನ್ನ ಅಂಗಿಯನ್ನು ಬಿಗಿಯಾಗಿ ಹಿಡಿದಿದ್ದಾಳೆ.

ಆವತ್ತು ಏರಿ ಮೇಲೆ ಅವಳು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. "ಕೆರೆ ನೋಡ್ತಿದೀನಿ ಕಣೋ" ಅನ್ನುತ್ತಿದ್ದಳು. ಅಜ್ಜಿಗೆ ನೀರು ಅಂದರೆ ಎಷ್ಟು ಇಷ್ಟ ಅಂದುಕೊಂಡಿದ್ದೆ ನಾನು, ಪೆದ್ದ.

ನನ್ನ ಫೋಟೋಗ್ರಫಿ ಒಂದಿಂಚೂ ಸುಧಾರಿಸಿಲ್ಲ. ಅಜ್ಜಿ ಓಡುವುದನ್ನು ನಿಲ್ಲಿಸಿದ್ದಾಳೆ, ಅಷ್ಟೆ.

ಫೋನ್ ಆಫ್ ಮಾಡಿ ಪಕ್ಕಕ್ಕಿಟ್ಟೆ. ಆದರೆ ಅಜ್ಜಿ ಬಿಡಬೇಕಲ್ಲ? ಮಾರನೇ ದಿನ ಅದೇ ಸೆಲ್ಫಿ ಹಿಡಿದು, ಅವಳನ್ನು ಮನೆ ಹತ್ತಿರದ ಸ್ಟುಡಿಯೋಗೆ ಕರೆದುಕೊಂಡು ಹೋದೆ. ಸ್ಟುಡಿಯೋದವನು ಜೂಮ್ ಮಾಡಿ ನೋಡಿದ.

"ನಿಮ್ಮನ್ನ ಕಟ್ ಮಾಡಾಕ್ತೀನಿ ಬ್ರದರ್. ಅಜ್ಜಿ ಕೈ ನಿಮ್ಮನ್ನ ಹಿಡ್ಕೊಂಡೈತಲ್ಲ, ಒಂಚೂರು ಹೆಗಲು ಉಳ್ಕೊಳ್ತದೆ. ಪರ್ವಾಗಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಅಂದಳು: "ಬ್ಯಾಡ ಬುಡಪ್ಪ. ಬದುಕಿರೋ ಹುಡುಗನ ಹೆಗಲಿಗೆ ಹಾರ ಹಾಕ್ತಾರಾ ಯಾರಾದ್ರೂ?"

"ಹಂಗಾದ್ರೆ ಇಲ್ಲೇ ಕೂತ್ಕೊಳಿ ಅಜ್ಜಿ, ಒಂದು ತೆಗೆದುಬಿಡ್ತೀನಿ."

"ಗೋಡೆ ಮುಂದೆ ಕೂರ್ಸಿದ್ರೆ ಆಧಾರ್ ಮೂತಿನೇ ಬರೋದು. ಇವ್ನು ಗುಬ್ಬಿ ಸಂತೆಗೆ ಕರ್ಕೊಂಡು ಹೋಯ್ತಾನೆ. ಅಲ್ಲೇ ಹೊಡೀಲಿ."

ಬಚಾವಾದೆ ಅಂದುಕೊಂಡೆ. ಸ್ಟುಡಿಯೋ ಮೆಟ್ಟಿಲು ಇಳಿಯುವಾಗ ಅವಳ ಕೈ ಮತ್ತೆ ನನ್ನ ಅಂಗಿಗೆ ಬಂತು. ತಮಾಷೆಗೆ ಕೇಳಿದೆ, "ಈ ಸಲ ಆದ್ರೂ ಒಂದ್ನಿಮಿಷ ನಿಂತ್ಕೊತೀಯಾ?"

"ನಿಂತ್ಕೊತೀನಿ ಕಣೋ. ಇನ್ನೆಲ್ಲಿ ಓಡಾನ."

ಸಂತೆಗೆ ಆ ನೇರಳೆ ಸೀರೆನೇ ಉಡು ಅಂತ ಹೇಳಿ ಸ್ಕೂಟರ್ ಸ್ಟಾರ್ಟ್ ಮಾಡಿದೆ.

ಆದ್ದರಿಂದ ಗುಬ್ಬಿ ಸಂತೆಯ ಮೆಣಸಿನಕಾಯಿಯವರಲ್ಲಿ ಒಂದು ಮನವಿ: ನೇರಳೆ ಸೀರೆಯ ಅಜ್ಜಿ ಕಂಡರೆ, ರೇಟು ಏರಿತು ಅಂತ ಒಂದು ಸಲ ಜೋರಾಗಿ ಕೂಗಿಬಿಡಿ, ನನಗೆ ಶೇಕ್ ಆದ ಫೋಟೋನೇ ಬೇಕು.