ಏಳಲೊಲ್ಲದ ಅತ್ತೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಮುಂಬಯಿಯಲ್ಲಿ ಆಕ್ಯುಪೇಷನಲ್ ಥೆರಪಿ ಓದಿ ಬಂದಿದ್ದೆ. ಆ ಹೆಸರು ಊರಲ್ಲಿ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಎಲ್ಲರಿಗೂ ನಾನು ‘ಕಸರತ್ತಿನ ಬಾಯಾರು’. ಲಕ್ವ ಹೊಡೆದ, ಬಿದ್ದು ಸೊಂಟ ಮುರಿದುಕೊಂಡ ಮುದುಕರಿಗೆ ತಂಬಿಗೆ ಎತ್ತಿ ನೀರು ಕುಡಿಯುವುದನ್ನು, ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ಮತ್ತೆ ಕಲಿಸುವುದು ನನ್ನ ಕೆಲಸ.

ಒಂದು ದಿನ ಮಾನ್ವಿಯಿಂದ ಅಕ್ಕಿ ಗಿರಣಿಯ ಹಮಾಲನೊಬ್ಬ ಬಂದ. ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದು ನಿಂತ.

“ನಮ್ಮವ್ವ ಬಿದ್ದು ವರ್ಷಾತ್ರಿ. ಎಲುಬು ಕೂಡ್ಯಾದ ಅಂತಾರ ಡಾಕ್ಟರು. ಆದ್ರ ಆಕಿ ಏಳವಲ್ಲಳು. ಮನಿಗೆ ಬಂದು ಒಂದೀಟು ನೋಡ್ರಿ, ಬಾಯಾರ.”

ಶನಿವಾರ ಬಸ್ಸು ಹಿಡಿದು ಹೋದೆ. ಗಿರಣಿಯ ಹಿಂದೆ ಎರಡು ಕೋಣೆಯ ಮನೆ; ಮಾಳಿಗೆಯ ಮೇಲೆಲ್ಲ ಹೊಟ್ಟಿನ ಧೂಳು. ಬಾಗಿಲು ತೆಗೆದವಳು ಅವನ ಹೆಂಡತಿ, ಬಸುರಿ. ಒಳಗೆ ಹೊರಸಿನ ಮೇಲೆ ಮುದುಕಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತೋಳುಗಳು ಒಣಗಿದ ಜೋಳದ ದಂಟಿನಂತಿದ್ದವು. ಕೌದಿ ಸರಿಸಿ ಅವಳ ಪಾದವನ್ನು ಕೈಗೆ ತೆಗೆದುಕೊಂಡೆ.

ನನ್ನ ಕೈ ಹಾಗೆಯೇ ನಿಂತುಬಿಟ್ಟಿತು. ವರ್ಷಗಟ್ಟಲೆ ಮಲಗಿದವರ ಅಂಗಾಲು ಕೂಸಿನ ಅಂಗಾಲಿನ ಹಾಗೆ ಮೆತ್ತಗಾಗಿರುತ್ತದೆ. ಇವಳದು ಒರಟಾಗಿ ಒಡೆದಿತ್ತು. ಹಿಮ್ಮಡಿಯ ಬಿರುಕುಗಳಲ್ಲಿ ಎರೆಮಣ್ಣು ಮೆತ್ತಿಕೊಂಡಿತ್ತು, ಇನ್ನೂ ಹಸಿಯಾಗಿ.

ಮಗ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಕೌದಿ ಮುಚ್ಚಿ, “ಹೆಣ್ಮಕ್ಕಳ ಮೈ ನೋಡೂದದ, ಹೊರಗ ಕೂಡ್ರಿ,” ಎಂದೆ. ಅವನು ಹೊರಗೆ ಹೋದ.

“ಯವ್ವಾ, ನೀವು ನಡೀತೀರಲ್ಲ?”

ಸೊಸೆ ಬಂದು ಬಾಗಿಲಿನ ಚಿಲಕ ಹಾಕಿದಳು. ಆ ಬಸುರಿ ಹೆಂಗಸು ನೆಲಕ್ಕೆ ಕೂತು ನನ್ನ ಕಾಲು ಹಿಡಿದಳು.

“ಹೇಳಬ್ಯಾಡ್ರಿ, ಬಾಯಾರ. ನಿಮ್ಮ ಕಾಲಿಗೆ ಬೀಳ್ತೀನಿ.”

“ಬಿಡು ಆಕಿ ಕಾಲು, ಹುಚ್ಚಿ,” ಎಂದು ಮುದುಕಿ ಸರಾಗವಾಗಿ ಎದ್ದು ಕೂತಳು. ದನಿ ತಗ್ಗಿಸಿ ಹೇಳಿದಳು: “ಇಕಿಗೆ ಎರಡು ಸಲ ಹೊಟ್ಟಿ ನಿಂತು ಇಳದು ಹೋತು, ತಂಗಿ. ಎರಡೂ ಸಲ ಗಿರಣ್ಯಾಗ ನೆಲ್ಲಿನ ಪುಟ್ಟಿ ಹೊತ್ತು. ನಾ ಬಿದ್ದಿಂದ ನನ್ನ ನೋಡ್ಕೊಳ್ಳಾಕಂತ ಮನ್ಯಾಗ ಉಳದಾಳ. ಈಗ ಮತ್ತ ನಿಂತದ. ನಾ ಎದ್ದೆನಂದ್ರ ನಾಳಿಗೇ ಗಿರಣಿಗೆ ಹೋಗಬೇಕಿಕಿ. ಅದಕ್ಕ ಬಿದ್ಕೊಂಡೀನಿ.”

“ಮತ್ತ ನಡಿಯೂದು?”

“ಮಗ ಕೆಲಸಕ್ಕ ಹೋದ ಮ್ಯಾಲ, ಹಿತ್ತಲದಾಗ. ಕಾಲು ನಡಿಗಿ ಮರೀಬಾರದಲ್ಲ!”

ಏಳಲು ಹೆದರುವ ಮುದುಕರಿಗೆ ಧೈರ್ಯ ತುಂಬುವುದು ಹೇಗೆಂದು ನನಗೆ ಕಲಿಸಿದ್ದರು. ಬೇಕೆಂದೇ ಮಲಗಿದವಳ ಮಾತನ್ನು ಯಾರೂ ಹೇಳಿರಲಿಲ್ಲ. ಅವಳನ್ನು ಮಗ್ಗುಲಾಗಿಸಿ ನೋಡಿದರೆ ಬೆನ್ನ ಕೆಳಗೆ ಹಾಸಿಗೆ ಹುಣ್ಣು ಕೆಂಪಗೆ ತಲೆ ಎತ್ತಿತ್ತು. ಮಲಗಿದ್ದು ಸುಳ್ಳಾದರೂ ಹುಣ್ಣು ಸುಳ್ಳಲ್ಲ. ತೊಡೆಯ ಮಾಂಸ ಕರಗಿದ್ದೂ ಸುಳ್ಳಲ್ಲ. ನಾನು ಕಲಿತ ವಿದ್ಯೆಯನ್ನು ಸರಿಯಾಗಿ ಬಳಸಿದರೆ ಈ ಹುಡುಗಿಯ ತಲೆಯ ಮೇಲೆ ಮತ್ತೆ ಭತ್ತದ ಬುಟ್ಟಿ ಏರುತ್ತದೆ.

ಹೊರಗೆ ಬಂದು ಮಗನಿಗೆ ಹೇಳಿದೆ: “ನಿಮ್ಮವ್ವ ಭಾಳ ಸೊರಗ್ಯಾರ. ಮಲಗಿ ಮಲಗಿ ಹುಣ್ಣಾಗಾಕತ್ತಾವ. ದಿನಾ ಎಬ್ಬಿಸಿ ಕೂಡಿಸಬೇಕು, ಮಗ್ಗಲಾ ಬದಲಿಸಬೇಕು. ಸೊಸಿ ಮನ್ಯಾಗ ಇರಲೇಬೇಕು.”

“ಆತ್ರಿ. ಅವ್ವ ಉಳದ್ರ ಸಾಕು,” ಎಂದ. ಅವನ ಕಣ್ಣು ತುಂಬಿತ್ತು. ಅದು ನನ್ನನ್ನು ಇನ್ನಷ್ಟು ಗಲಿಬಿಲಿಗೊಳಿಸಿತು. ಕಲ್ಲು ಮನಸ್ಸಿನವನೆಂದು ಆಗಲೇ ತೀರ್ಮಾನಿಸಿಬಿಟ್ಟಿದ್ದೆ.

ಆಮೇಲೆ ಹಲವು ಶನಿವಾರ ಹೋದೆ. ಹುಣ್ಣು ಮಾಯಿತು. ತಿಂಗಳು ತುಂಬುತ್ತ ಬಂದಾಗ ಸೊಸೆ ದೇವದುರ್ಗದ ತವರಿಗೆ ಹೋದಳು. ಮುದುಕಿ ಮಾತ್ರ ಜಾಗ ಬಿಟ್ಟೇಳಲಿಲ್ಲ. “ಕೂಸು ಕೈಗೆ ಬರೂತನಕ ನಂಬಾಂಗಿಲ್ಲ” ಎನ್ನುತ್ತಿದ್ದಳು. ಬೆಳಿಗ್ಗೆ ಗಿರಣಿಗೆ ಹೋಗುವ ಮುಂಚೆ ಮಗನೇ ಅವಳ ಮುಖ ತೊಳೆದು, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಉಣ್ಣಿಸುತ್ತಿದ್ದ. ನಡೆಯಬಲ್ಲ ತಾಯಿ ಬಾಯಿ ತೆರೆದು ಉಣ್ಣುತ್ತಿದ್ದಳು. ಒಮ್ಮೆ ಅದನ್ನು ಕಣ್ಣಾರೆ ನೋಡಿದೆ. ಅಲ್ಲಿ ಕೂರಲಾಗದೆ ಹಿತ್ತಲಿಗೆ ಹೋದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಆಸ್ಪತ್ರೆಗೆ ಬಂದ. ಟವೆಲ್ ಇಲ್ಲ, ಕಾಲಲ್ಲಿ ಚಪ್ಪಲಿಯೂ ಇಲ್ಲ.

“ಬಾಯಾರ, ಅವ್ವ ಇಲ್ರಿ.”

ತೀರಿಕೊಂಡಳೆಂದೇ ತಿಳಿದು ನಾನು ಮೇಜನ್ನು ಹಿಡಿದುಕೊಂಡೆ.

“ನಿನ್ನೆ ಸಂಜಿಗೆ ಹೆಣ್ಣುಕೂಸು ಹುಟ್ಟೇದಂತ ಸುದ್ದಿ ಬಂತು. ಇವತ್ತ ಮುಂಜಾನೆ ನಾ ಗಿರಣಿಗೆ ಹೋದ ಮ್ಯಾಲ ಒಬ್ಬಾಕಿನೇ ಬಸ್ ಸ್ಟ್ಯಾಂಡಿಗೆ ನಡಕೊಂಡು ಹೋಗಿ ದೇವದುರ್ಗದ ಬಸ್ಸು ಹತ್ಯಾಳಂತ. ಕೂಸಿನ ತಲಿಗಂತ ಕುಲಾಯಿ ಹಿಡಕೊಂಡಿದ್ಲಂತ.” ನನ್ನ ಮುಖವನ್ನೇ ನೋಡಿದ. “ನಿಮಗ ಗೊತ್ತಿತ್ತೇನ್ರಿ?”

ಹೌದೆಂದು ತಲೆಯಾಡಿಸಿ, ಮುದುಕಿ ಯಾಕೆ ಮಲಗಿದ್ದಳೆಂದು ಹೇಳಿದೆ. ಅವನು ರೋಗಿಗಳ ಬೆಂಚಿನ ಮೇಲೆ ಕುಸಿದು ಕೂತ.

“ಹೊಟ್ಟಿ ಹೋದದ್ದು ಪುಟ್ಟಿ ಹೊತ್ತದ್ದಕ್ಕ ಅಂತ ನನಗ ಯಾರೂ ಹೇಳಲಿಲ್ರಿ. ಗಾಳಿ ಸೋಕೇದ ಅಂದ್ರು, ದರ್ಗಾಕ್ಕ ಹೋಗಿ ತಾಯತ ಕಟ್ಟಿಸಿಕೊಂಡು ಬಂದೆ. ನನ್ನ ಕೇಳಿದ್ರ ಆಗತಿರಲಿಲ್ಲೇನು? ನಾನೇನು ಕಟುಗ ಏನ್ರಿ?”

ಇಷ್ಟು ಶನಿವಾರ ಆ ಮನೆಗೆ ಹೋಗಿ ಬಂದರೂ ಅವನನ್ನೊಂದು ಮಾತು ಕೇಳಬೇಕೆಂದು ನಮ್ಮ ಮೂವರು ಹೆಂಗಸರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅಲ್ಲಿಂದಲೇ ಅವನು ದೇವದುರ್ಗದ ಬಸ್ಸು ಹಿಡಿದ. ಕೆಲವು ತಿಂಗಳ ನಂತರ ಎಲ್ಲರನ್ನೂ ಮಾನ್ವಿಗೆ ಕರೆತಂದ. ಹೆಂಡತಿಯನ್ನು ಮತ್ತೆ ಗಿರಣಿಗೆ ಕಳಿಸಲಿಲ್ಲ. ತಾಯಿ ಮಗ ಆ ವರ್ಷದ ಬಗ್ಗೆ ಒಬ್ಬರಿಗೊಬ್ಬರು ಏನು ಹೇಳಿಕೊಂಡರೋ ನನಗೆ ಗೊತ್ತಿಲ್ಲ. ನಾನು ಹೋದಾಗ ಮುದುಕಿ ಬಾಗಿಲಲ್ಲಿ ಕೂತು ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು, ಮಗ ಒಳಗೆ ನೀರು ಕಾಯಿಸುತ್ತಿದ್ದ.