ಹೊಳೆ ಗಾತುಂಬಿಯ ಕೌಂಟಿ ಸದಸ್ಯೆ ಕನಾರಿಯೊ

ಕನಾರಿಯೊ ರಾಜಕೀಯಕ್ಕೆ ಬಂದದ್ದು ಹೊಳೆಗೆ ಬಿದ್ದು. ಇದು ಮಾತಿನ ಚಮತ್ಕಾರವಲ್ಲ. ತಲೆಯ ಮೇಲೆ ಎರಡು ಟ್ರೇ ಮೊಟ್ಟೆ ಹೊತ್ತು ಮರದ ದಿಮ್ಮಿಯ ಮೇಲೆ ಹೊಳೆ ದಾಟುವಾಗ ಕಾಲು ಜಾರಿ ನಿಜಕ್ಕೂ ಬಿದ್ದಳು. ಕೆನ್ಯಾ ಬೆಟ್ಟದ ತಪ್ಪಲಿನ ನಮ್ಮ ಗಾತುಂಬಿಯಲ್ಲಿ ಆ ದಿಮ್ಮಿಯಿಂದ ಬೀಳದವರು ಯಾರೂ ಇರಲಿಲ್ಲ. ಆದರೆ ಅವಳು ಬಿದ್ದ ಗಳಿಗೆಯೇ ಬೇರೆ. ಆಚೆ ದಡದ ಶಾಲೆಯ ಬಯಲಲ್ಲಿ ಆಗಿನ ಕೌಂಟಿ ಸದಸ್ಯ, ಅಂದರೆ ನಮ್ಮ ಜಿಲ್ಲೆಯ ಸಭೆಗೆ ಆರಿಸಿಹೋದವನು, ತನ್ನ ಐದು ವರ್ಷದ ಸಾಧನೆ ಹೇಳಿಕೊಳ್ಳುತ್ತಿದ್ದ. ಇವಳು ಕೂದಲಿಂದ ಹಳದಿ ಲೋಳೆ ಸುರಿಸಿಕೊಂಡು ಸೀದಾ ಅಲ್ಲಿಗೆ ಹೋಗಿ ನಿಂತಳು.

"ಮಾನ್ಯರೇ, ಇಷ್ಟೆಲ್ಲ ಅಭಿವೃದ್ಧಿ ಮಾಡಿದೀರಲ್ಲ, ಅದು ಹೊಳೆ ಈಚೆಗಿದೆಯೋ ಆಚೆಗಿದೆಯೋ? ಹೊಳೆ ಒಳಗಂತೂ ಇಲ್ಲ. ಈಗಷ್ಟೇ ನೋಡ್ಕೊಂಡು ಬಂದೆ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದು ಸಂಜೆ ನನ್ನ ಚಹಾದ ಹೋಟ್ಲಲ್ಲಿ ಅದೇ ಮಾತು. "ಕಥೂರೆಯಮ್ಮಾ, ನೀನೇ ಯಾಕೆ ನಿಲ್ಲಬಾರದು?" ಎಂದು ಯಾರೋ ಅಂದರು. ಕಥೂರೆ ಅವಳ ಹಿರಿಮಗಳು. ನಮ್ಮಲ್ಲಿ ತಾಯಂದಿರನ್ನು ಹಿರಿಮಗುವಿನ ಹೆಸರಲ್ಲೇ ಕರೆಯುವುದು. ತಮಾಷೆಗೆ ಅಂದ ಮಾತನ್ನು ಅವಳು ತಮಾಷೆಗೆ ತಗೊಳ್ಳಲಿಲ್ಲ.

ಎದುರಾಳಿಯಾಗಿ ನಿಂತವರು ನಿವೃತ್ತ ಹೆಡ್‌ಮೇಷ್ಟ್ರು ಮ್ಬುರುಗು. ಕನಾರಿಯೊಗೆ ಅಕ್ಷರ ಕಲಿಸಿದವರೇ ಅವರು. ಸಭೆಯಲ್ಲಿ ಎದ್ದು, "ಈ ಹೆಂಗಸು ಮೂರನೇ ಕ್ಲಾಸಲ್ಲಿ ಗುಣಾಕಾರದಲ್ಲಿ ನಪಾಸಾದವಳು. ಕೌಂಟಿಯ ಬಜೆಟ್ ಇವಳ ಕೈಗೆ ಕೊಡ್ತೀರಾ?" ಅಂದರು.

"ಹೌದು ಮೇಷ್ಟ್ರೇ, ನಪಾಸಾದೆ," ಅಂದಳು ಕನಾರಿಯೊ. "ಕಲಿಸಿದವರು ಯಾರು ಅಂತ ಜನಕ್ಕೆ ಹೇಳಿಬಿಡಿ."

ಕೋಳಿ ಗುರುತಿನ ಮೇಲೆ ನಿಂತು ನಲವತ್ತೊಂದು ವೋಟಿನಿಂದ ಗೆದ್ದಳು. ದರ್ಜಿಯಾದ ಗಂಡ ಮುರಿಥಿ ಬಾಯಿ ಬಿಡುವುದೇ ಅಪರೂಪ. ಅವನು ಹೆಂಡತಿಗೆ ನೀಲಿ ಕೋಟು ಹೊಲಿದುಕೊಟ್ಟು, "ಜೇಬು ಇಟ್ಟಿಲ್ಲ. ರಾಜಕೀಯದೋರಿಗೆ ಜೇಬಿದ್ರೆ ಜನ ಅದನ್ನೇ ನೋಡ್ತಾರೆ," ಎಂದನಂತೆ.

ಕೌಂಟಿ ಸಭೆಯಲ್ಲಿ ಆಡಲು ಅವಳಿಗಿದ್ದದ್ದು ಸಂತೆಯ ಸ್ವಾಹಿಲಿ. ಮೊದಲ ದಿನವೇ ಎದ್ದು, "ಸಭಾಪತಿಗಳೇ, ಸುತ್ತು ಬಳಸಿ ಮಾತು ಬೇಡ. ಗಾತುಂಬಿಗೆ ಒಂದು ಕಾಲುಸೇತುವೆ. ಕೊಡ್ತೀರಾ, ಪಕ್ಕದ ಅಂಗಡಿಗೆ ಹೋಗ್ಲಾ?" ಎಂದಳು. ಸಭಾಪತಿಗಳು ನಿಯಮದ ಪುಸ್ತಕ ತಿರುವಿದರು. ಪಕ್ಕದ ಅಂಗಡಿ ಎಂದರೆ ಯಾವುದು ಎಂದು ಅದರಲ್ಲಿ ಇರಲಿಲ್ಲ. ಎರಡು ವರ್ಷ ಹೀಗೇ ಪೀಡಿಸಿದ ಮೇಲೆ, 'ಗಾತುಂಬಿ ಕಾಲುಸೇತುವೆ' ಎಂಬ ಒಂದು ಸಾಲು ಬಜೆಟ್ಟಿನಲ್ಲಿ ಬಂತು. ನಾನು ಹೋಟ್ಲಲ್ಲಿ ಎಲ್ಲರಿಗೂ ಪುಕ್ಕಟೆ ಸಿಹಿ ಮಂದಾಜಿ ಕರಿದುಕೊಟ್ಟೆ.

ಎಂಟು ತಿಂಗಳು ಕಾದೆವು. ಒಬ್ಬ ಗಾರೆಯವನೂ ಬರಲಿಲ್ಲ. ಕೊನೆಗೆ ಅವಳು ಇಂಜಿನಿಯರ ಕಚೇರಿಗೆ ಹೋದರೆ, ಆತ ಎದ್ದು ನಿಂತು ಕೈ ಕುಲುಕಿದ. "ಅಭಿನಂದನೆ ಮೇಡಂ. ಸೇತುವೆ ಮುಗಿದು ತಿಂಗಳಾಯ್ತು."

ಮುಗಿದದ್ದು ಹೌದು. ಆದರೆ ಕೌಂಟಿಯ ಇನ್ನೊಂದು ತುದಿಯಲ್ಲಿ, ಒಣ ಸೀಮೆಯಲ್ಲಿ, ಇನ್ನೊಂದು ಗಾತುಂಬಿ ಇದೆ. ಸೇತುವೆ ಅಲ್ಲಿ ಎದ್ದಿತ್ತು. ಕನಾರಿಯೊ ಮೋಟರ್‌ಬೈಕ್ ಬಾಡಿಗೆ ಹಿಡಿದು ಹೋಗಿ ನೋಡಿಬಂದಳು. ಒಳ್ಳೆಯ ಸೇತುವೆ. ಮೇಲೆ ಜೋಳ ಹರಡಿದ್ದರು, ಕೆಳಗೆ ಆಡುಗಳು ನೆರಳಿಗೆ ಮಲಗಿದ್ದವು. ಅಲ್ಲಿಯ ಮುದುಕನೊಬ್ಬ ಅವಳ ಎರಡೂ ಕೈ ಹಿಡಿದು, "ದೊಡ್ಡ ಉಪಕಾರ ಆಯ್ತು ತಾಯಿ. ಜೋಳ ಒಣಗಿಸೋಕೆ ಜಾಗಾನೇ ಇರಲಿಲ್ಲ," ಎಂದನಂತೆ. ಕನಾರಿಯೊ, "ದೇವರು ಒಳ್ಳೇದು ಮಾಡ್ಲಿ ಅಜ್ಜಾ," ಅಂದು ಬಂದಳು.

ಮರುದಿನ ಮತ್ತೆ ಇಂಜಿನಿಯರ ಮುಂದೆ.

"ಅಲ್ಲಿ ಹೊಳೆಯೇ ಇಲ್ಲವಲ್ಲ ಸ್ವಾಮೀ!"

"ಹೊಳೆ ನೀರಿನ ಇಲಾಖೆಗೆ ಸೇರಿದ್ದು ಮೇಡಂ. ನಮ್ಮದು ಸೇತುವೆ ಮಾತ್ರ."

"ಹಾಗಾದ್ರೆ ನಮ್ಮೂರಿಗೆ ಒಂದು ಕಟ್ಟಿ."

"ಕಾಗದದಲ್ಲಿ ಗಾತುಂಬಿಗೆ ಸೇತುವೆ ಆಗಿಹೋಗಿದೆ. ಎರಡನೇದು ಬರೆಯೋಕೆ ಬರಲ್ಲ."

"ಆ ಕಾಗದಾನೇ ಕೊಡಿ. ಹೊಳೆ ಮೇಲೆ ಹಾಸ್ಕೊಂಡು ದಾಟ್ತೀವಿ."

ಆತ ನಗಲಿಲ್ಲ. ಆದರೆ ಬಾಗಿಲವರೆಗೆ ಬಂದು, ದನಿ ತಗ್ಗಿಸಿ, "ನಿಮ್ಮೂರಿಗೆ ಬೇರೆ ಹೆಸರಿದ್ದಿದ್ರೆ ಮಾತು ಬೇರೆ," ಎಂದ.

ಊರ ಸಭೆ ಕರೆದಳು. ಅಂಥ ಸಭೆ ನಾನು ಇನ್ನೊಂದು ಕಂಡಿಲ್ಲ. ಒಬ್ಬ ತನ್ನ ಅಜ್ಜನ ಹೆಸರಿಡಿ ಎಂದ. ಇನ್ನೊಬ್ಬ, ಅವನಜ್ಜ ಆಡುಗಳ್ಳ, ಇಡೋದಾದ್ರೆ ನನ್ನಜ್ಜನದಿಡಿ ಎಂದ. 'ಮೇಲಿನ ಗಾತುಂಬಿ' ಎನ್ನೋಣ ಎಂದಾಗ ಹಿರಿಯರು ಕೋಲು ಕುಟ್ಟಿದರು: "ಗಾತುಂಬಿ ಅಂದ್ರೆ ನಾವೇ. ಬೇಕಾದ್ರೆ ಅವರು ಕೆಳಗಿನವರಾಗ್ಲಿ!" ಹೊತ್ತು ಇಳಿಯುವ ಹೊತ್ತಿಗೆ ಮುರಿಥಿ ಎದ್ದ. ಅವನು ಮಾತಾಡಲು ಎದ್ದದ್ದೇ ಆಶ್ಚರ್ಯವಾಗಿ ಎಲ್ಲರೂ ಬಾಯಿ ಮುಚ್ಚಿದರು.

"ಪ್ಯಾಂಟು ಬಿಗಿಯಾದ್ರೆ ಪ್ಯಾಂಟೇ ಎಸೀತೀರಾ? ಒಂದು ಪಟ್ಟಿ ಸೇರಿಸ್ತೀವಿ. ಮುಂದೆ 'ಹೊಳೆ' ಅಂತ ಸೇರಿಸಿ. ಹೊಳೆ ಗಾತುಂಬಿ."

ಆಯಿತೆಂದು ಎಲ್ಲರೂ ಹೆಬ್ಬೆಟ್ಟೊತ್ತಿದರು. ಹೆಸರು ಬದಲಾಯಿತು, ಹೊಸ ಊರಿಗೆ ಹೊಸ ಸೇತುವೆ ಮಂಜೂರಾಯಿತು, ಕಂಬಗಳೂ ಎದ್ದವು. ಅಷ್ಟರಲ್ಲಿ ಚುನಾವಣೆ. ಗುಡ್ಡದ ಮೇಲಿನ ಕೇರಿಯವರಿಗೆ ಒಳಗೊಳಗೇ ಕಹಿ ಇತ್ತು. ಹೊಳೆಯಿಂದ ಅಷ್ಟು ದೂರ ಇರುವ ನಾವು ಹೊಳೆಯವರು ಹೇಗಾದೆವು ಎಂದು. ಮತ್ತೆ ಎದುರಿಗೆ ನಿಂತಿದ್ದ ಮೇಷ್ಟ್ರು ಅದನ್ನೇ ಹಿಡಿದರು: "ಹುಟ್ಟಿದೂರಿನ ಹೆಸರಿಗೇ ತೇಪೆ ಹಾಕಿದವಳು!" ಅರವತ್ತಮೂರು ವೋಟಿನಿಂದ ಕನಾರಿಯೊ ಸೋತಳು.

ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹೋಟ್ಲ ಹಿಂದುಗಡೆ, ಕಟ್ಟಿಗೆಯ ರಾಶಿಯ ಮೇಲೆ ಕೂತು. "ಸೋತದ್ದಕ್ಕಲ್ಲ," ಅಂದಳು. "ಇನ್ನು ಎರಡೇ ತಿಂಗಳಿತ್ತು."

ಎರಡು ತಿಂಗಳಿಗೆ ಸೇತುವೆ ಮುಗಿಯಿತು. ಉದ್ಘಾಟನೆಯ ಕಲ್ಲಿನ ಮೇಲೆ ಮಾನ್ಯ ಮ್ಬುರುಗು ಎಂದು ಕೆತ್ತಿತ್ತು. ಮೇಷ್ಟ್ರು ಕಲ್ಲನ್ನು ಒಮ್ಮೆ ನೋಡಿದರು, ಜನರನ್ನು ಒಮ್ಮೆ ನೋಡಿದರು, ಭಾಷಣದ ಹಾಳೆ ಮಡಿಸಿ ಜೇಬಿಗೆ ಹಾಕಿದರು. "ನಲವತ್ತು ವರ್ಷ ಮಕ್ಕಳಿಗೆ ಕಾಪಿ ಹೊಡೀಬೇಡಿ ಅಂತ ಹೇಳಿದೋನು ನಾನು. ಈ ಸೇತುವೆಗೆ ನಾನು ತಂದದ್ದು ಈ ಕತ್ತರಿ ಒಂದೇ. ಬಾರಮ್ಮ ಕನಾರಿಯೊ."

ಅವಳು ಬಂದು ಟೇಪು ಕತ್ತರಿಸಿದಳು. ಕತ್ತರಿ ವಾಪಸು ಕೊಡುತ್ತಾ ಎಲ್ಲರಿಗೂ ಕೇಳುವಂತೆ, "ಮೇಷ್ಟ್ರೇ, ಆಸ್ಪತ್ರೆ ರಸ್ತೆ ಯಾವಾಗ?" ಎಂದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

ಈಗ ಪ್ರತಿ ಸೋಮವಾರ ಇಬ್ಬರೂ ನನ್ನ ಹೋಟ್ಲಲ್ಲಿ ಒಂದೇ ಮೇಜಿಗೆ ಕೂರುತ್ತಾರೆ. ಅವಳು ಹೇಳುತ್ತಾಳೆ, ಅವರು ಚಂದದ ಅಕ್ಷರದಲ್ಲಿ ಅರ್ಜಿ ಬರೆಯುತ್ತಾರೆ, ನಡುವೆ ಒಂದೊಂದು ಪದಕ್ಕೂ ಜಗಳವಾಡುತ್ತಾರೆ. ಆಸ್ಪತ್ರೆ ರಸ್ತೆಗೆ ಕಳೆದ ವಾರ ಜಲ್ಲಿ ಬಂದು ಬಿತ್ತು. ನಮ್ಮೂರಿನ ರಸ್ತೆಗೇ ಬಿತ್ತು.